ಎಳಿ ಹರದ ಹೊತ್ತು

ಬನಹಟ್ಟಿ. ಮಧ್ಯಾಹ್ನ ಹನ್ನೆರಡು ನಲವತ್ತು.
ಸ್ಟೇಷನ್ನಿಂದ ಫೋನು: "ಫೀಡರ್ ತೆಗೆದೀವಿ, ಏರ್ರಿ."
ಪುಸ್ತಕದಾಗ ಬರೆದೆ: ಲೈನ್ ಸತ್ತೈತಿ.
ಗೈಬುಸಾಬ ಏಣಿ ಆನಿಸಿ
ಮೊದಲ ಮೆಟ್ಟಲಕ್ಕ ಕಾಲಿಟ್ಟು
ತಲಿ ಓರೆ ಮಾಡಿ ನಿಂತ.

"ಮಗ್ಗ ಕೇಳ್ತಾವೇನೋ?"

ನನಗ ಕೇಳಿರಲಿಲ್ಲ.
ಈ ಓಣ್ಯಾಗ ಹುಟ್ಟಿದವರಿಗೆ ಮಗ್ಗದ ಸದ್ದು
ನಿಂತಾಗಷ್ಟ ಕೇಳೂದು.
ಅವ ಗಲಗಲಿಯಾಂವ, ಹೊರಗಿನ ಕಿವಿ.

ಖಟಕ್ ಖಟಕ್, ಹನ್ನೊಂದು ಶೆಡ್ಡು,
ಇಲ್ಲದ ಕರೆಂಟಿನಾಗ ಸೀರಿ ನೇಯತಿದ್ದವು.

ತಗಡಿನ ಮ್ಯಾಲ ಸೋಲಾರ್ ಹಾಸಿ ವರ್ಷಾಗಿತ್ತು.
ಆ ಗಳಿಗಿಗೆ ಬಿಸಲು ಎಷ್ಟು ಅಳದು ಸುರಿವಿತ್ತೋ
ಮಗ್ಗ ಅಷ್ಟ ಉಂಡಿದ್ದವು,
ಕಾಳು ಹೆಚ್ಚಿಲ್ಲ, ಕಾಳು ಕಡಿಮಿಲ್ಲ.
ಮೀಟರಿನ್ಯಾಗ ಐವತ್ತು. ಪೂರಾ ಐವತ್ತು.
ಹೊಳಿ ಬಂದ ರಾತ್ರಿ ಹಿಪ್ಪರಗಿ ಕಡೆ
ಹೊಲದಾಗ ಮಲಗಿದವಗ
ತಾ ನಡುಗಡ್ಡಿ ಮ್ಯಾಲ ಅದೀನಂತ
ಬೆಳಗಾಗೂತನಕ ತಿಳೀತೈತೇನು?

"ಲೆಕ್ಕ ಇಷ್ಟು ಸರಿ ಬಂದ್ರ ನಂಬಬ್ಯಾಡ,"
ಗೈಬುಸಾಬ ಕಾಲು ಇಳಿಸಿದ.

ಮೂರನೇ ಶೆಡ್ಡಿನ್ಯಾಗ ಮಹಾನಂದಾನ ಎಳಿ ಹರೀತು.
ಒಂದ ಮಗ್ಗ ನಿಂತಿತು, ಒಂದ.
ಉಳಿದ ಲಾಳಿಗೊಳು ತುಸು ಜೋರ ಓಡಿದವು,
ಯಾರೋ ಬೆನ್ನ ಹತ್ತಿಧಂಗ,
ಆಮ್ಯಾಲ ಎಲ್ಲಾ ಗಪ್ಪ.

ಆವಾಗ ಕೇಳಿತು ನನಗ.
ಅಂಗೈ ಬೆವತಿತ್ತು.
ಒಳಗ ಆಕಿ ಎಳಿ ಗಂಟ ಹಾಕ್ಕೋತ
ಲೈನಿನವರನ್ನ ಬೈತಿದ್ಲು,
ಇವತ್ತಿನ ಕೂಲಿ ಹೋತಂತ.

ಮರುದಿನ ಕಂಪನಿ ಹುಡುಗಿ ಲ್ಯಾಪ್‌ಟಾಪ್ ತಂದು
ಇನ್ವರ್ಟರಿಗೆ ಏನೋ ಕಲಿಸಿದ್ಲು.
"ಇನ್ನ ಇದು ಸುಮ್ಮ ಕೂಡಂಗಿಲ್ಲ ಕಾಕಾ,
ಗಳಿಗಿಗೊಮ್ಮೆ ಲೈನನ್ನ ಸಣ್ಣಗ ನೂಕಿ ನೋಡತೈತಿ.
ಆ ಕಡೆ ಊರಿತ್ತಂದ್ರ ಅಲಗಂಗಿಲ್ಲ.
ಅಲಗಿತು, ತಾ ಒಂದ ಅದೀನಂತ ತಿಳದು
ಎರಡು ಸೆಕೆಂಡಿನ್ಯಾಗ ಆರತೈತಿ."

ಗೈಬುಸಾಬ ನಕ್ಕ: "ನಮ್ಮ ಮನ್ಯಾಕಿನೂ ಹಿಂಗ.
ನನ್ನ ಎದಿ ಆಪರೇಷನ್ ಆದಾಗಿಂದ
ನಡುರಾತ್ರಿ ಮೊಣಕೈಲೆ ತಿವೀತಾಳ,
ನಾ ಗೊಣಗಿದ್ರ ಮಗ್ಗಲಾಗತಾಳ."

ಹುಡುಗಿಗೆ ನಗಬೇಕೋ ಬ್ಯಾಡೋ ತಿಳೀಲಿಲ್ಲ.

ಎರಡು ಸೆಕೆಂಡು.
ಎಣಿಸಿ ನೋಡಿದೆ: ಬೆರಳು ತಂತಿ ಮುಟ್ಟಾಕ
ಅಷ್ಟು ಹೊತ್ತು ಬೇಕಿಲ್ಲ.
ಅಂವಗೂ ಗೊತ್ತೈತಿ. ಅದಕ್ಕ
ಇವತ್ತೂ ಏರೂಕಿಂತ ಮೊದಲ
ಮೂರೂ ತಂತಿಗೆ ಅರ್ಥಿಂಗ್ ಸರಪಳಿ ಸಿಗಿಸಿದ,
ಉದ್ದ ಕೋಲಿನ ತುದಿಲೆ, ಮುಖ ಹೊಳ್ಳಿಸಿ.

ನಾ ಪುಸ್ತಕದಾಗ ಈಗ
ಸತ್ತೈತಿ ಅಂತ ಬರಿಯಂಗಿಲ್ಲ.
ತೆಗೆದಾರಂತ, ಅಂತ ಬರೀತೀನಿ.