ಚಾವಿ ತಿರುವೂ ಮೊದಲು

ಮೀಟರು ಹೇಳ್ತದ ಎಂಬತ್ತೆರಡು ಸಾವಿರ.
ಸವೆದ ಕ್ಲಚ್ಚಿನ ರಬ್ಬರಿನಾಗ
ಯಾರದೋ ಹೆಬ್ಬೆರಳಿನ ಗುಂಡಿ,
ಅದರ ಲೆಕ್ಕ ಬ್ಯಾರೆ.

“ಒಬ್ಬನೇ ಮಾಲಕ ಸಿಸ್ಟರ್, ಡಾಕ್ಟರ್ ಗಾಡಿ”
ಹೊಸ ಸೀಟುಕವರು ಸವರ್ತಾನ ಮಾಣಿಕಪ್ಪ.
ಗೌಸುದ್ದೀನ್ ಮೇಸ್ತ್ರಿಗೆ ಮಾತಿಲ್ಲ.
ಉದ್ದ ಸ್ಕ್ರೂಡ್ರೈವರ್ ಇಂಜಿನ್ನಿಗೆ ಒತ್ತಿ
ಹಿಡಿಕಿಗೆ ಕಿವಿಗೊಟ್ಟು ಕಣ್ಣು ಮುಚ್ಯಾನ.

ಸೇಡಂ ದವಾಖಾನಿಯಾಗ ನಾನೂ ಹಿಂಗೇ
ಬಸುರಿ ಹೊಟ್ಟಿಗೆ ಕೊಳವಿ ಹಚ್ಚಿ ಕೇಳ್ತೀನಿ,
ಉಸಿರು ಹಿಡಿದು.
ಪಾಳಿ ಮುಗಿದಾಗ ಬಸ್ಸಿರೂದಿಲ್ಲ.
ಸಿಮೆಂಟ್ ಲಾರಿಗಳ ಹಿಂದ, ಮಳಖೇಡ ದಾಟಿ,
ಕಲಬುರಗಿ ಮುಟ್ಟೋತನಕ ಯಾರ್ಯಾರದೋ ಜೀಪು.

ಚಾವಿ ತಿರುವೂ ಮೊದಲೇ
ಬಾನೆಟ್ಟಿಗೆ ಅಂಗೈ ಇಟ್ಟಿದ್ದೆ, ಜ್ವರ ನೋಡುವಂಗ.
ಆಗಲೇ ಬಿಸಿ ಇತ್ತು.

“ನಾಳಿ ನಸುಕಿಗೆ ಬರ್ತೀನ್ರಿ ಮಾಣಿಕಪ್ಪ,
ಅಲ್ಲೀತನ ಮುಟ್ಟಬ್ಯಾಡ್ರಿ.
ಥಂಡ್ಯಾಗ ಹೆಂಗ ಏಳ್ತದ, ನೋಡಬೇಕು.”