ಬಿರಡೆ

ಮೊದಲ ದೋಣಿಯಲ್ಲಿ ಕೆಂಪು ಸಿಲಿಂಡರು. ಸರಿ.
ಎರಡನೆಯದರಲ್ಲೂ ಇತ್ತು. ಸರಿ ಅಂತ ಗೀಟು ಹಾಕಿದೆ.
ಮೂರನೆಯದಕ್ಕೆ ಬಿದಿರು ಹಲಗೆ ಹತ್ತುವಾಗ
ಹಿಂದುಗಡೆ ಸೊಂಟಮಟ್ಟ ನೀರಲ್ಲಿ ಒಬ್ಬ ಹುಡುಗ
ಏನನ್ನೋ ಅಂಗಿಯಲ್ಲಿ ಸುತ್ತಿ
ಕೂಸಿನ ಹಾಗೆ ಎತ್ತಿಕೊಟ್ಟ.

ಕೊರಳ ಕೆಳಗೆ ಅದೇ ತಗ್ಗು.
ಮೈಯೆಲ್ಲ ಒದ್ದೆ.

ಏಳು ದೋಣಿ, ಒಂದು ಸಿಲಿಂಡರು.
"ಬಾಡಿಗೆ ಎಷ್ಟು?" ಅಂದೆ.
ತೆಯೊಫಿಲೊ ನಕ್ಕ, ಮೂರೇ ಹಲ್ಲು:
"ಬಾಡಿಗೆ ಎಲ್ಲಿಯದು ಮೇಡಂ, ನೆರೆಹೊರೆ."

ಮುಳ್ಳು ಹಸಿರಲ್ಲೇ ನಿಂತಿತ್ತು.
ಮೂತಿಯೊಳಗೆ ಮಾತ್ರ ಕಣಜ ಕಟ್ಟಿದ ಮಣ್ಣುಗೂಡು.
ತಲೆಯ ಪಿನ್ನು ತೆಗೆದು ಕೆದಕುತ್ತ ಕೂತೆ,
ಸರ್ಕಾರಿ ಸಮವಸ್ತ್ರದಲ್ಲಿ.

ಎಂಜಿನ್ನು ಯಾವುದೋ ಲಾರಿಯ ಹೊಟ್ಟೆಯಿಂದ ಬಿಚ್ಚಿದ್ದು,
ಡೀಸೆಲ್ಲು ಪ್ಲಾಸ್ಟಿಕ್ ಕ್ಯಾನಿನಲ್ಲಿ,
ಎಲ್ಲಕ್ಕೂ ಮೇಲೊಂದು ಮರದ ಪೆಟ್ಟಿಗೆ,
ಪೆಟ್ಟಿಗೆಯ ಮೇಲೆ ಒಣಮೀನಿನ ಬುಟ್ಟಿ ಸಮೇತ
ಸೆವೆರಾ ಅಜ್ಜಿ.
ಮಂಡಿನೋವಿಗೆ ಶಾಖ ಒಳ್ಳೆಯದಂತೆ,
ಇಪ್ಪತ್ತು ವರ್ಷದಿಂದ ಜಾಗ ಬಿಟ್ಟುಕೊಟ್ಟಿಲ್ಲ.

"ಕೆಳಗೆ ಬೆಂಕಿ ಬಿದ್ದರೆ ಏನು ಮಾಡ್ತೀರಿ?"
"ಅಜ್ಜಿಯನ್ನ ಎಬ್ಬಿಸ್ತೀವಿ. ಮುಚ್ಚಳ ತೆಗೆದು ನೋಡ್ತೀವಿ."

ಅದೊಂದು ಬೇಡ.
ಮುಚ್ಚಿದ ಪೆಟ್ಟಿಗೆಯಲ್ಲಿ ಬೆಂಕಿ
ಉಸಿರಿಗೆ ಒದ್ದಾಡುತ್ತಿರುತ್ತೆ.
ತುಪ್ಪ ಸುರಿಯಬೇಕಿಲ್ಲ, ಗಾಳಿ ಸಾಕು ಅದಕ್ಕೆ,
ನೋಡಲು ಬಗ್ಗಿದವನ ಮುಖಕ್ಕೇ ಏಳುತ್ತೆ.
ಹೋದ ಬೇಸಗೆಯ ವರದಿಯಲ್ಲಿ ನಾನೇ ಬರೆದ ಸಾಲು:
"ಮುಚ್ಚಳ ತೆರೆದ ಸ್ಥಿತಿಯಲ್ಲಿತ್ತು."
ಅದರ ಮುಂದಿನ ಸಾಲು ಇಲ್ಲಿ ಬೇಡ.

ಬಡಗಿಯ ಬೈರಿಗೆ ತರಿಸಿ
ಪೆಟ್ಟಿಗೆಯ ಪಕ್ಕಕ್ಕೆ ತೂತು ಕೊರೆದೆ,
ಮೂತಿ ಹಿಡಿಸುವಷ್ಟು, ಅದಕ್ಕಿಂತ ಎಳ್ಳಷ್ಟೂ ಹೆಚ್ಚಿಲ್ಲ.
ಮೊದಲು ಡೀಸೆಲ್ ತಿರುಪು ಕಟ್ಟಿ, ಆಮೇಲೆ ಇಲ್ಲಿಂದ ಊದಿ,
ಆಮೇಲೆ ಕಾಯಿರಿ. ಕಾಯುವುದೇ ಕಷ್ಟ,
ಕೈ ಮುಚ್ಚಳದ ಕಡೆಗೇ ಹೋಗುತ್ತೆ.

ತೂತಿಗೆ ಬಿರಡೆ?
ಯಾರೋ ಚಪ್ಪಲಿ ರಬ್ಬರು ಕುಯ್ದರು. ಕರಗುತ್ತೆ, ಬೇಡ.
"ನನ್ನ ಜಾಗಕ್ಕೇ ಕನ್ನ ಹಾಕಿದೆಯಲ್ಲೇ" ಎಂದು ಬೈಯುತ್ತ
ಅಜ್ಜಿ ಬುಟ್ಟಿ ತಡಕಿ
ತೆಂಗಿನ ವಿನೆಗರ್ ಜಾಡಿಯ ಮರದ ಬಿರಡೆ ಕಿತ್ತುಕೊಟ್ಟಳು.
ಹೊಸೆದಂತೆ ಕೂತಿತು.

"ಇವತ್ತು ಒಂದೇ ದೋಣಿ ಹೊರಡಲಿ," ಎಂದೆ.
"ಯಾವುದು?"
"ಸಿಲಿಂಡರು ಯಾರದೋ ಅವರದು."
ಏಳು ಜನ ಒಬ್ಬರ ಮುಖ ಒಬ್ಬರು ನೋಡಿದರು.
ಯಾರದು ಅಂತ ಯಾರಿಗೂ ನೆನಪಿರಲಿಲ್ಲ.

ದಡದಲ್ಲಿ ಶಾಲೆಯ ಮಕ್ಕಳು, ಗೋಣಿಯಲ್ಲಿ ಹಂದಿಮರಿ,
ಹೊತ್ತು ಏರುತ್ತಿತ್ತು.
ನೀರಲ್ಲಿದ್ದ ಹುಡುಗ
ಅಂಗಿ ಹಿಂಡಿ, ಕೊಡವಿ, ತೊಟ್ಟುಕೊಂಡ.