ಉದ್ದದ ಸಾಲು

ಕತ್ತಲಿದ್ದಾಗಲೇ ಬಂದು ನಿಂತವಳು
ಈಗ, ಹತ್ತೂಕಾಲಿಗೆ, ನನ್ನ ಮೇಜಿನೆದುರು.
ಎರಡನೇ ತರಗತಿಯ ಕೋಣೆ; ಕರಿಹಲಗೆಯ ಮೇಲೆ
ಯಾರೂ ಅಳಿಸದ ಏಳರ ಮಗ್ಗಿ.
ಅಪೊಂಡಿ, ಎಪ್ಪತ್ನಾಲ್ಕು, ಮೀನು ಮಾರುವವಳು.
ಯಂತ್ರದ ಗಾಜಿಗೆ ಹೆಬ್ಬೆರಳು ಒತ್ತಿದಳು.
ಕೆಂಪು ದೀಪ.
ತೋರುಬೆರಳು. ಕೆಂಪು.
ಲಂಗದಂಚಿಗೆ ಒರೆಸಿ ಮತ್ತೊಮ್ಮೆ. ಕೆಂಪು.

"ಗೆರೆ ಎಲ್ಲಿಂದ ಬರಬೇಕು ಮಗೂ,
ಐವತ್ತು ವರ್ಷ ತಿಲಾಪಿಯಾದ ಹುರುಪೆ ಕೆರೆದ ಬೆರಳು.
ಮೀನಿಗೂ ಉಳಿಸಲಿಲ್ಲ, ನನಗೂ ಉಳಿಯಲಿಲ್ಲ."

ಹಿಂದೆ ನಿಂತ ಹುಡುಗರು ಗೊಣಗಿದರು.
ಗುರುತಿನ ಚೀಟಿಯ ಅಂಕಿಗಳನ್ನು ಒಂದೊಂದೇ ಒತ್ತಿದೆ.
ನೆಟ್‌ವರ್ಕ್ ಸಿಗಲಿಲ್ಲ; ಅವಳಿಗೆ ಮಾತು ಸಿಕ್ಕಿತು.

"ಎಂಬತ್ತೆಂಟರಲ್ಲಿ ಬೆರಳು ಯಾರಿಗೆ ಬೇಕಿತ್ತು?
ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ, ಮರೆಯಿಲ್ಲ. ಬಟ್ಟಬಯಲು.
ನಿನ್ನವನ ಪಟ ಹಿಡಿದವನ ಬೆನ್ನಿಗೆ ನಿಲ್ಲು, ಅಷ್ಟೆ.
ಮ್ಲೊಲೊಂಗೊ ಅಂದರು ಅದಕ್ಕೆ. ಸಾಲು.
ನಾವು ನಿಂತದ್ದು ಕಿತೋಂಗಾ ಮೇಷ್ಟ್ರ ಹಿಂದೆ,
ಮಕ್ಕಳಿಗೆ ಲೆಕ್ಕ ಕಲಿಸಿದವರು, ಸೈಕಲ್ಲೂ ಇಲ್ಲದವರು.
ಸಾಲು ಆಟದ ಬಯಲು ದಾಟಿ, ಚರ್ಚು ಸುತ್ತಿ,
ಇದ್ದಿಲ ಮಂಡಿಯ ಹತ್ತಿರ ಬಾಲ ಮಡಿಚಿಕೊಂಡಿತ್ತು.
ಆಚೆ, ಬಸ್ ಕಂಪನಿ ಧಣಿಯ ಪಟದ ಹಿಂದೆ
ಅವನ ಡ್ರೈವರುಗಳು, ಕ್ಲೀನರುಗಳು, ಒಂದು ಆಡು.
ಅಧಿಕಾರಿ ನಡೆದು ಎಣಿಸಿದ. ಬರೆದುಕೊಂಡ. ಕೂಗಿದ:
ಗಿಡ್ಡ ಸಾಲು ಗೆದ್ದಿದೆ.
ಅಷ್ಟುದ್ದದ ಸಾಲು, ಸಾಲದೇ ಹೋಯಿತು.
ಮೇಷ್ಟ್ರು ನಕ್ಕರು. ನಾನು ಕಲಿಸಿದ ಕೂಡುವ ಲೆಕ್ಕವೇ
ತಪ್ಪಿರಬೇಕು, ಅಂದರು.
ಮುಂದಿನ ತಿಂಗಳು ಅವರನ್ನು ತುರ್ಕಾನಾದ ಮರಳಿಗೆ ವರ್ಗ ಮಾಡಿದರು."

ಪರದೆಯ ಮೇಲೆ ಚುಕ್ಕೆ ಸುತ್ತುತ್ತಲೇ ಇತ್ತು.

"ಆಮೇಲೆ ಪೆಟ್ಟಿಗೆ ಬಂತು. ಪಕ್ಷಗಳು ಬಂದವು, ಮಳೆಹುಳದ ಹಾಗೆ.
ಧಣಿ ಎರಡು ಸಲ ಬಣ್ಣ ಬದಲಿಸಿ ಎರಡು ಸಲವೂ ಗೆದ್ದ.
ಜೋಳದ ಹಿಟ್ಟಿನ ಪ್ಯಾಕೆಟ್ಟು ಕೊಟ್ಟ; ಉಗಾಲಿ ತಿರುವಿ ತಿಂದೆವು,
ಓಟು ಬೇರೆಯವನಿಗೆ ಹಾಕಿದೆವು. ತಪ್ಪೇ?
ಎರಡು ಸಾವಿರದ ಎರಡರಲ್ಲಿ ಅವನು ಬಿದ್ದ ದಿನ
ಮುಗುರೆ, ನನ್ನ ಪಕ್ಕದ ಅಂಗಡಿಯವಳು,
ಒಂದು ಚೀಲ ಸುಕುಮಾ ಸೊಪ್ಪನ್ನು ದಾರಿಹೋಕರಿಗೆ
ಬಿಟ್ಟಿ ಹಂಚಿಬಿಟ್ಟಳು. ಹುಚ್ಚಿ.
ಆಮೇಲೆ…"

ಅಲ್ಲಿಗೆ ನಿಂತಳು.
ಹಲಗೆಯ ಏಳರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದಳೋ ಏನೋ.
ಅವಳ ಮೀನಿನ ಕಟ್ಟೆಯ ಪಕ್ಕ ಒಂದು ಜಾಗವಿದೆ,
ನಾಲ್ಕು ಕಂಬದ ಗುಳಿ, ಕಪ್ಪಾದ ನೆಲ.
ಹದಿನೈದು ವರ್ಷವಾಯಿತು, ಯಾರೂ ಅಲ್ಲಿ ಅಂಗಡಿ ಹೂಡಿಲ್ಲ.
ಹೂಡಲು ಬಂದವರ ಮೇಲೆ
ಅಪೊಂಡಿ ಮೀನು ತೊಳೆದ ನೀರು ಎರಚುತ್ತಾಳೆ.
ಇದನ್ನು ಅವಳು ಹೇಳಲಿಲ್ಲ. ನಾನು ಇದೇ ಓಣಿಯ ಹುಡುಗ.

ನನಗೆ ಗೊತ್ತಿರುವ ಕ್ಷೇತ್ರದ ಚರಿತ್ರೆ
ಸಂತೆಯ ಶೌಚಾಲಯದ ಗೋಡೆಯದು:
ಯಾರ ಕೃಪೆಯಿಂದ ಕಟ್ಟಿದ್ದು ಅಂತ ಒಂದು ಹೆಸರು,
ಅದರ ಮೇಲೆ ಸುಣ್ಣ, ಮೇಲೆ ಇನ್ನೊಂದು ಹೆಸರು, ಮತ್ತೆ ಸುಣ್ಣ.
ಗೋಡೆ ಎರಡು ಬೆರಳು ದಪ್ಪವಾಗಿದೆ.
ನಲ್ಲಿ ಮಾತ್ರ ಯಾವ ಹೆಸರಿಗೂ ಓಗೊಟ್ಟಿಲ್ಲ.
ನಡುವೆ ಒಮ್ಮೆ ನಕ್ಷೆ ಬದಲಾಗಿ, ಕೊಚ್ಚೆಹೊಳೆಯೇ ಗಡಿಯಾಗಿ,
ಅವಳ ಮನೆ ಒಂದು ಕ್ಷೇತ್ರಕ್ಕೆ, ಕಕ್ಕಸು ಇನ್ನೊಂದಕ್ಕೆ ಸೇರಿತು.

ಹಸಿರು ದೀಪ.
ಆರು ಬಣ್ಣದ ಆರು ಚೀಟಿ ಹಿಡಿದು ಮರೆಗೆ ಹೋದಳು.
ಬಹಳ ಹೊತ್ತು ಬರಲಿಲ್ಲ.
ಎಡಗೈಯ ಕಿರುಬೆರಳಿಗೆ ಶಾಯಿ ಮುಟ್ಟಿಸಿದರೆ
ಯಂತ್ರ ಕಾಣದ ಸೀಳುಗಳಲ್ಲೆಲ್ಲ ನೇರಳೆ ಇಳಿಯಿತು.

ಹೊರಗೆ ಹೋದವಳು ಮನೆಗೆ ಹೋಗಲಿಲ್ಲ.
ಸಾಲಿನ ಪಕ್ಕದಲ್ಲಿ, ಕೋಲೂರಿಕೊಂಡು,
ಅಚಿಯೆಲ್, ಅರಿಯೊ, ಅದೆಕ್…
ದನಿ ಗೇಟು ದಾಟಿತು, ಅಳಿಸಿಹೋಯಿತು,
ತುಂಬ ಹೊತ್ತಿನ ಮೇಲೆ ಕಿಟಕಿಯ ಸರಳಿನಲ್ಲಿ ಮುಖ.

"ನಾನೂರ ಹನ್ನೆರಡು," ಅಂದಳು.
"ಎಲ್ಲಾದರೂ ಬರೆದಿಡು."

ನನ್ನೆದುರಿನ ಹಾಳೆಗಳಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಮೇಜಿನ ಹಲಗೆಯ ಮೇಲೆ, ಯಾವುದೋ ಮಗು
ಕೈವಾರದಿಂದ ಕೆತ್ತಿದ ಹೆಸರಿನ ಪಕ್ಕ, ಬರೆದೆ.